ಮೇಕೆ ನುಂಗಿದ ಪಾಠ

ಜೀವಶಾಸ್ತ್ರ ಪರೀಕ್ಷೆಯ ಗಂಟೆಗೆ ಇನ್ನು ಹತ್ತೇ ನಿಮಿಷವಿತ್ತು. ಶಾಲೆಯ ಗೇಟಿನ ಬಳಿ ನಿಂತ ಮೇಕೆ, ಜೀರ್ಣಾಂಗಗಳ ಪಾಠವನ್ನು ಹಾಳೆ ಹಾಳೆಯಾಗಿ ಹರಿದು ನುಂಗುತ್ತಿತ್ತು.

“ಒಂದು ಹಾಳೆಯನ್ನಾದರೂ ಅಗಿದು ತಿನ್ನು, ತಂಗಿ,” ಎಂದಿತು ಎಮ್ಮೆ.

“ಅಗಿಯುತ್ತ ಕೂತರೆ ಪಾಠ ಮುಗಿಯುವುದಿಲ್ಲ ಅಕ್ಕ. ಸದ್ಯಕ್ಕೆ ಹೊಟ್ಟೆ ಸೇರಿದರೆ ಸಾಕು.” ವರ್ಷವಿಡೀ ಮೆಲುಕು ಹಾಕುತ್ತಲೇ ಇದ್ದ ಎಮ್ಮೆಯನ್ನು ಕಂಡು ಮೇಕೆಗೆ ಕನಿಕರವೆನಿಸಿತು.

ಒಳಗೆ ಪರೀಕ್ಷಕ ಕೊಕ್ಕರೆ ಕೇಳಿದ್ದು ಒಂದೇ ಪ್ರಶ್ನೆ: “ಮೇಕೆಯ ಹೊಟ್ಟೆಯಲ್ಲಿ ಎಷ್ಟು ಕೋಣೆಗಳಿವೆ?”

ಮೇಕೆ ಬಾಯಿ ತೆರೆಯಿತು.

“ಉತ್ತರ ಮೊದಲನೆಯ ಕೋಣೆಯಲ್ಲೇ ಇದೆ ಗುರುಗಳೇ. ಬಾಯಿಗೆ ಬರಲು ಸಂಜೆಯಾಗುತ್ತದೆ.”

ಕೊಕ್ಕರೆ ಸೊನ್ನೆ ಬರೆದು ಮುಂದಿನವರನ್ನು ಕರೆಯಿತು.

ಸಂಜೆ ಮರದಡಿ ಮಲಗಿದ್ದಾಗ ಉತ್ತರವಿದ್ದ ಹಾಳೆ ನಿಜಕ್ಕೂ ಬಾಯಿಗೆ ಬಂತು. “ನಾಲ್ಕು, ಅಕ್ಕ,” ಎಂದು ಮೇಕೆ ಎಮ್ಮೆಗೆ ಹೆಮ್ಮೆಯಿಂದ ಹೇಳಿ, ಅದನ್ನು ಮತ್ತೆ ನುಂಗಿತು.