ಪೂಜೆಯಲ್ಲಿಟ್ಟ ಪಾಸ್‌ವರ್ಡ್

"ಗುರುಗಳೇ, ನಂಬಿದವರ ಮುಂದೆ ಬೀಗ ಹಾಕಿದರೆ ಅದು ಅವಮಾನ ಅಲ್ಲವೇ?"

ಹೀಗೆ ಕೇಳಿದವನು ನಿಜಗುಣ. ಬೆಲ್ಲದ ಮಂಡಿ ನಡೆಸುವವನು, ಗುರುಗಳ ಶಿಷ್ಯ. ಅವನ ಮಂಡಿಗೆ ಬರುವ ಇಮೇಲ್‌ಗಳನ್ನು ಎಲ್ಲರೂ ಒಂದೇ ಪಾಸ್‌ವರ್ಡ್ ಹಾಕಿ ತೆರೆದು ನೋಡುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಹೆಣ್ಣುಮಗಳು ಅದನ್ನು ನಿಲ್ಲಿಸಿ, ಅವರವರಿಗೆ ಅವರವರದೇ ಪಾಸ್‌ವರ್ಡ್ ಮಾಡಿಕೊಟ್ಟಿದ್ದಳು. ಹಳಬರೆಲ್ಲ ಮುಖ ಊದಿಸಿಕೊಂಡಿದ್ದರು.

"ನಮ್ಮ ಮೇಲ್‌ನಲ್ಲಿ ಮುಚ್ಚಿಡುವಂಥದ್ದು ಏನಿದೆ? ಬೆಲ್ಲದ ದರ, ಲಾರಿಯ ನಂಬರು. ನಾಳೆಯೇ ಅವಳಿಗೆ ಹೇಳಿ ಮೊದಲಿನಂತೆ ಮಾಡಿಸುತ್ತೇನೆ. ಒಪ್ಪದಿದ್ದರೆ ಮನೆಗೆ ಕಳಿಸುತ್ತೇನೆ" ಎಂದ.

"ನಾಳೆ ಎಲ್ಲಿಗೂ ಓಡಿಹೋಗುವುದಿಲ್ಲ, ಕೂತ್ಕೋ. ಕತೆ ಕೇಳಿದ ಮೇಲೆ ಯಾರನ್ನು ಬೇಕಾದರೂ ಕಳಿಸುವೆಯಂತೆ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಮದ್ದಿನ ವ್ಯಾಪಾರಿ. ಒಳ್ಳೆಯವನು. ಕೈ ಧಾರಾಳ, ಬಾಯಿ ಇನ್ನೂ ಧಾರಾಳ. ದೂರದೂರದ ಜನ ಅವನ ಅಂಗಡಿಗೆ ಇಮೇಲ್ ಬರೆದು ಮದ್ದು ತರಿಸಿಕೊಳ್ಳುತ್ತಿದ್ದರು. ಮದ್ದು ಬೇಕಾದವರು ಕಾಯಿಲೆ ಹೇಳಲೇಬೇಕಲ್ಲ? ಹೆತ್ತ ತಾಯಿಗೆ ಹೇಳದ್ದನ್ನೂ ಜನ ಆ ಅಂಗಡಿಗೆ ಬರೆದಿದ್ದರು.

ಅವುಗಳಲ್ಲಿ ಒಬ್ಬ ಹೆಣ್ಣುಮಗಳ ಪತ್ರವೂ ಇತ್ತು. ಅವಳ ಗಂಡ ಹತ್ತು ಜನ ಕೈಮುಗಿಯುವಂಥ ಮನುಷ್ಯ. ಆದರೆ ಮನೆಯ ಬಾಗಿಲು ಹಾಕಿಕೊಂಡು ಕುಡಿಯುತ್ತಿದ್ದ. ಅತ್ತೂ ಕರೆದೂ ಅವಳು ಅವನನ್ನು ಕುಡಿತ ಬಿಡುವ ಮದ್ದಿಗೆ ಒಪ್ಪಿಸಿದ್ದಳು. ಅವನು ಒಪ್ಪಿದ್ದು ಒಂದೇ ಮಾತಿನ ಮೇಲೆ: ಹೊರಗೆ ಯಾರಿಗೂ ಗೊತ್ತಾಗಕೂಡದು. ಗೊತ್ತಾದರೆ ಮದ್ದೂ ಬೇಡ, ಬದುಕೂ ಬೇಡ ಎಂದಿದ್ದ.

ಇನ್ನು ನಮ್ಮ ವ್ಯಾಪಾರಿ ಮಾಡಿದ ಘನಕಾರ್ಯ ಕೇಳು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ತಕ್ಕಡಿಯ ಪಕ್ಕ ಕಂಪ್ಯೂಟರನ್ನೂ ಇಟ್ಟು ಕುಂಕುಮ ಹಚ್ಚಿದ. ಹೊಸ ಪಾಸ್‌ವರ್ಡ್ ಏನಿಡೋಣ ಎಂದು ಪುರೋಹಿತರನ್ನು ಕೇಳಿದ. ಅವರು ಕೂಸಿಗೆ ಹೆಸರಿಡುವ ಹಾಗೆ ಮೂರು ಸಲ ಗಟ್ಟಿಯಾಗಿ ಹೇಳಿದರು. ಕೆಲಸದವರು, ಅಕ್ಕಪಕ್ಕದ ಅಂಗಡಿಯವರು, ಪ್ರಸಾದಕ್ಕೆಂದು ನುಗ್ಗಿದ ದಾರಿಹೋಕರು, ಎಲ್ಲರೂ ಅಕ್ಷತೆ ಹಾಕಿದರು. ಅಯ್ಯೋ ಶಿವನೇ! ಪ್ರಸಾದದ ಜೊತೆಗೆ ಬೀಗದ ಕೈಯನ್ನೂ ಊರಿಗೆಲ್ಲ ಹಂಚಿಬಿಟ್ಟ ಪುಣ್ಯಾತ್ಮ.

ಅಂಗಡಿಯ ಮೇಲ್ ನೋಡಿಕೊಳ್ಳಲು ಒಬ್ಬ ಹೆಂಗಸಿದ್ದಳು. ಹಬ್ಬಕ್ಕೆ ತವರಿಗೆ ಹೋಗಿದ್ದಳು. ಬಂದು ಸುದ್ದಿ ಕೇಳಿದವಳೇ ಹಣೆ ಚಚ್ಚಿಕೊಂಡಳು. ಅಂದೇ ಆ ಪಾಸ್‌ವರ್ಡ್ ಅಳಿಸಿದಳು. ಯಾರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಪತ್ರ ಅವರಿಗೆ ಕಾಣುವಂತೆ ಮಾಡಿದಳು. ಕೆಲಸ ಬಿಟ್ಟುಹೋದವರಿಗೆ ಇನ್ನೂ ತೆರೆದೇ ಇದ್ದ ದಾರಿ ಮುಚ್ಚಿದಳು. ಗಿರಾಕಿಗಳ ವಿಷಯ ಕೇಳಿ ಯಾರ ಮೇಲ್ ಬಂದರೂ, ಧಣಿಯದೇ ಬಂದರೂ, ಫೋನ್ ಮಾಡಿ ಕೇಳದೆ ಉತ್ತರ ಕೊಡುವುದಿಲ್ಲ ಎಂದಳು.

ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು. ದೀಪ ಹಚ್ಚಿದ ಮೇಲೆ ಕಸ ಗುಡಿಸಿದರೇ ಲಕ್ಷ್ಮಿ ಮುನಿಯುತ್ತಾಳೆ ಎನ್ನುವ ಮನೆತನ ಅವನದು. ಪೂಜೆಯಲ್ಲಿ ಇಟ್ಟದ್ದನ್ನು ಅಳಿಸಿದರೆ ಸುಮ್ಮನಿರುತ್ತಾನೆಯೇ?

"ಏನಮ್ಮಾ, ನನ್ನ ಅಂಗಡಿಗೆ ನನಗೇ ಕಾವಲೇ? ನನ್ನ ಜನರನ್ನು ಕಳ್ಳರು ಅಂದುಕೊಂಡೆಯಾ?"

"ಇಲ್ಲ ಧಣಿ. ಬರೆದವರು ನಮ್ಮನ್ನು ನಂಬಿ ಬರೆದಿದ್ದಾರೆ. ಪ್ರಸಾದಕ್ಕೆ ಬಂದವರನ್ನು ನಂಬಿ ಅಲ್ಲ."

ಅವನಿಗೆ ಮಾತು ನಾಟಿತು, ಆದರೆ ಒಪ್ಪಲು ಮನಸ್ಸಿಲ್ಲ. ಇವಳದ್ದು ಅತಿಯಾಯಿತು, ಹೊಸಬರು ಸಿಕ್ಕ ಕೂಡಲೇ ಕಳಿಸಿಬಿಡಬೇಕು ಎಂದು ಒಳಗೊಳಗೇ ನಿಶ್ಚಯಿಸಿದ.

ಕೆಲವು ದಿನ ಕಳೆದವು. ಜನರ ಗುಟ್ಟು ಹಿಡಿದು ದುಡ್ಡು ಕೀಳುವ ಯಾರೋ ಒಬ್ಬ ಕಳ್ಳ ಅಂಗಡಿಯ ಮೇಲ್ ತೆರೆಯಲು ಪೂಜೆಯ ಪಾಸ್‌ವರ್ಡ್ ಹಾಕಿದ. ತೆರೆಯಲಿಲ್ಲ. ಆಗ ಬೇರೆ ಹೂಟ ಹೂಡಿದ. ವ್ಯಾಪಾರಿ ಪರವೂರಿಗೆ ಹೋದ ದಿನ ನೋಡಿ, ವ್ಯಾಪಾರಿಯ ಹೆಸರಿನಲ್ಲೇ ಆ ಹೆಂಗಸಿಗೆ ಮೇಲ್ ಬರೆದ. "ಅವಸರ ಇದೆ. ಕುಡಿತ ಬಿಡಲು ಮದ್ದು ತರಿಸುವವರು ಯಾರು, ಯಾವ ಊರಿನವರು? ಅಷ್ಟು ತಿಳಿಸು."

ಅವಳದೂ ಹೊಟ್ಟೆಪಾಡು. ಧಣಿ ಮೊದಲೇ ಕೆಂಡ ಕಾರುತ್ತಿದ್ದಾನೆ. ಆದರೂ ಉತ್ತರ ಬರೆಯಲಿಲ್ಲ. ಫೋನ್ ಮಾಡಿದಳು.

ವ್ಯಾಪಾರಿ ನೆಂಟರ ಮನೆಯಲ್ಲಿ ಊಟಕ್ಕೆ ಕೂತಿದ್ದ. "ಒಂದು ತುತ್ತು ಉಣ್ಣಲೂ ಬಿಡುವುದಿಲ್ಲವಲ್ಲ ನೀನು!" ಎಂದು ರೇಗಿದ.

"ಗಿರಾಕಿಗಳ ಹೆಸರು ಕೇಳಿ ಮೇಲ್ ಕಳಿಸಿದ್ದು ನೀವೇನಾ?"

ಕಲಸಿದ ತುತ್ತು ಕೈಯಲ್ಲೇ ಉಳಿಯಿತು. ಅವನು ಯಾವ ಮೇಲನ್ನೂ ಕಳಿಸಿರಲಿಲ್ಲ.

ಮುಂದಿನ ಯುಗಾದಿ ಕಳೆದ ಮೇಲೆ ಗಂಡ ಹೆಂಡತಿ ಇಬ್ಬರು ಅಂಗಡಿಗೆ ಬಂದರು. ಹೆಂಡತಿಯ ಕೈಯಲ್ಲಿ ಕರಿಗಡುಬಿನ ಡಬ್ಬಿ. ಅದನ್ನು ವ್ಯಾಪಾರಿಯ ಮುಂದಿಟ್ಟು ಮೆಲ್ಲಗೆ ಹೇಳಿದಳು: "ಇವರು ಪೂರ್ತಿ ಬಿಟ್ಟಿದ್ದಾರೆ. ಈ ಸಂಗತಿ ನಮ್ಮಿಬ್ಬರಿಗೆ, ದೇವರಿಗೆ, ನಿಮ್ಮ ಅಂಗಡಿಗೆ ಬಿಟ್ಟರೆ ನರಪಿಳ್ಳೆಗೂ ಗೊತ್ತಿಲ್ಲ. ನನ್ನ ಮನೆ ಉಳಿಸಿದಿರಿ. ನಿಮ್ಮ ಋಣ ಏಳು ಜನ್ಮಕ್ಕೂ ತೀರದು."

ಗಂಡ ಕೈಮುಗಿದು ನಿಂತೇ ಇದ್ದ.

ಅವರು ಹೋದ ಮೇಲೆ ವ್ಯಾಪಾರಿಗೆ ಕೂತಲ್ಲಿ ಕೂರಲಾಗಲಿಲ್ಲ. ತಾನು ಹಂಚಿದ ಪಾಸ್‌ವರ್ಡನ್ನು ಅಂಗಡಿಯ ಹೆಂಗಸು ಅಳಿಸಿರದಿದ್ದರೆ? ಆ ದಿನ ತನ್ನ ರೇಗಾಟಕ್ಕೆ ಹೆದರಿ ಒಂದು ಸಾಲು ಬರೆದುಬಿಟ್ಟಿದ್ದರೆ? ಎದ್ದು, ಡಬ್ಬಿಯನ್ನು ಹಾಗೆಯೇ ಎತ್ತಿಕೊಂಡು ಹೋಗಿ ಮೇಲ್ ನೋಡುವ ಹೆಂಗಸಿನ ಮುಂದಿಟ್ಟ. ಅವನ ಕಣ್ಣು ತುಂಬಿತ್ತು.

"ತಾಯಿ, ಇದು ನಿನಗೆ ಸೇರಬೇಕಾದ್ದು. ನಿನ್ನ ಉಪಕಾರ ನಾನು ಸಾಯುವತನಕ ಮರೆಯುವುದಿಲ್ಲ. ಕೊಟ್ಟವರು ಯಾರು ಅಂತ ಮಾತ್ರ ಕೇಳಬೇಡ."

"ಕೇಳುವುದಿಲ್ಲ ಧಣಿ" ಎಂದು ಅವಳು ನಕ್ಕು ಒಂದು ಕಡುಬು ಬಾಯಿಗೆ ಹಾಕಿಕೊಂಡಳು. ಆ ವರ್ಷದ ಲಕ್ಷ್ಮೀಪೂಜೆಯಲ್ಲಿ ಮೊದಲ ಅಕ್ಷತೆ ಅವಳ ಕೈಯಿಂದಲೇ ಬಿತ್ತು. ಪಾಸ್‌ವರ್ಡ್ ಮಾತ್ರ ಪುರೋಹಿತರಿಗಿರಲಿ, ಧಣಿಗೂ ಕೇಳಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣ ಕಣ್ಣೊರೆಸಿಕೊಂಡ. ತನಗೆ ಬರೆದವರು ಒಬ್ಬೊಬ್ಬರಾಗಿ ನೆನಪಾದರು. ಮಗಳ ಮದುವೆ ಮುರಿದದ್ದಕ್ಕೆ ಬೆಲ್ಲ ಬೇಡವೆಂದು ಬರೆದವರು, ಆಸ್ಪತ್ರೆಯಲ್ಲಿದ್ದೇನೆ, ಲಾರಿ ತಡವಾಗಿ ಬರಲಿ ಎಂದು ಬರೆದವರು. ಬೆಲ್ಲದ ದರವೊಂದೇ ಅಲ್ಲ, ಎಷ್ಟೊಂದಿತ್ತು.

"ತಪ್ಪು ಮಾಡುತ್ತಿದ್ದೆ ಗುರುಗಳೇ. ಆ ಹೆಣ್ಣುಮಗಳು ನನ್ನ ಮಂಡಿಗೆ ಬಂದದ್ದು ನನ್ನ ಪುಣ್ಯ. ನಾಳೆ ಎಲ್ಲರೆದುರು ಅವಳಿಗೆ ಕೈಮುಗಿಯುತ್ತೇನೆ" ಎಂದ. ಅಡ್ಡಬಿದ್ದು ಎದ್ದ. ಹೊಸ್ತಿಲವರೆಗೆ ಹೋದವನು ತಡೆಯಲಾರದೆ ತಿರುಗಿ ನಿಂತ.

"ಅಂದಹಾಗೆ, ಆ ಗಂಡ ಹೆಂಡತಿ ಯಾರು, ಯಾವ ಊರಿನವರು?"

ಗುರುಗಳು ಅವನನ್ನೇ ನೋಡಿ ಹೇಳಿದರು: "ಆ ಕಳ್ಳ ಕೇಳಿದ್ದೂ ಇಷ್ಟನ್ನೇ, ಮಗಾ."