ಬೇಲಿಯಾಚೆಯ ವೈರಿ

ಮರಳುಗಾಡಿನಲ್ಲಿ ಒಂದು ಬೇಲಿಯಿತ್ತು. ಅದರ ಆಚೆಗೊಂದು ಈಚೆಗೊಂದು ಎಣ್ಣೆ ಬಾವಿ. ಎರಡು ದೊಡ್ಡ ಕಂಪನಿಗಳಿಗೆ ಒಂದೊಂದು. ಬಾವಿಗಳ ಮೇಲೆ ಕಬ್ಬಿಣದ ಏತಗಳೆರಡು, ಒಂದು ಕೆಂಪು, ಒಂದು ನೀಲಿ, ಹಗಲಿರುಳೆನ್ನದೆ ತಲೆ ತಗ್ಗಿಸಿ ತಲೆ ಎತ್ತಿ ಎಣ್ಣೆ ಸೇದುತ್ತಿದ್ದವು. ನೆಲದಡಿಯ ಎಣ್ಣೆ ಮಾತ್ರ ಒಂದೇ.

"ನನ್ನ ಪಾಲನ್ನು ಕದ್ದು ಕುಡಿಯುತ್ತೀಯಲ್ಲ, ನಾಚಿಕೆಯಿಲ್ಲವೆ?" ಎಂದು ಕೆಂಪು ಏತ ಬೆಳಗಾದರೆ ಜಗಳ ತೆಗೆಯುತ್ತಿತ್ತು.

"ಕಳ್ಳ ನೀನು! ನಿನ್ನ ಹೊಟ್ಟೆ ಸೀಳಿದರೆ ನನ್ನ ಎಣ್ಣೆಯೇ ಸಿಕ್ಕೀತು," ಎಂದು ನೀಲಿ ಏತ ಉತ್ತರ ಕೊಡುತ್ತಿತ್ತು. ಸುತ್ತ ಹತ್ತು ಹರದಾರಿಯಲ್ಲಿ ಬೇರೆ ದನಿಯೇ ಇರಲಿಲ್ಲ.

ಒಂದು ದಿನ ಕಂಪನಿಗಳೆರಡೂ ಒಂದಾದವು. ಆಳುಗಳು ಬಂದು ಬೇಲಿ ಕಿತ್ತುಹಾಕಿದರು. ಹೊಸ ಯಜಮಾನ ಕೆಂಪು ಏತದ ಮುಂದೆ ನಿಂತು ಕೇಳಿದ: "ಒಂದೇ ಎಣ್ಣೆಗೆ ನೀವಿಬ್ಬರೂ ಬೇಕೇನು?"

ಕೆಂಪು ಏತ ಹಳೆಯ ಚಾಳಿ ಬಿಡಲಿಲ್ಲ. "ಅದೊಂದು ದಂಡಪಿಂಡ, ಸ್ವಾಮಿ. ನಾನೊಬ್ಬನೇ ಸಾಕು."

ನೀಲಿ ಏತ ಎದುರಾಡಲು ತಲೆ ಎತ್ತಿತು. ಅಷ್ಟರಲ್ಲಿ ಅದರ ಮೋಟಾರು ನಿಲ್ಲಿಸಿದರು. ಎತ್ತಿದ ತಲೆ ಎತ್ತಿದಂತೆಯೇ ಉಳಿಯಿತು.

ಮರುದಿನ ಬೆಳಗಾಯಿತು. ಎಣ್ಣೆಯೆಲ್ಲ ಈಗ ಕೆಂಪು ಏತದ್ದೇ. ಅಭ್ಯಾಸಬಲದಿಂದ ಅದು "ಕಳ್ಳ!" ಎಂದು ಕೂಗಿತು. ಇನ್ನೂ ಗಟ್ಟಿಯಾಗಿ ಕೂಗಿತು. ಮರಳಿನ ಮೇಲೆ ಗಾಳಿ ಬೀಸಿತು, ಅಷ್ಟೇ.

ದಿನಗಳು ಕಳೆದವು. ಒಂದು ಮುಂಜಾನೆ ಕೆಂಪು ಏತ ತಗ್ಗಿಸಿದ ತಲೆಯಲ್ಲೇ ಮೆಲ್ಲಗೆ ಹೇಳಿತು: "ಹೋಗಲಿ ಮಾರಾಯ, ಕದ್ದವನು ನಾನೇ. ಈಗಲಾದರೂ ಒಂದು ಸಲ ಬೈಯಿ."