ಬಿಡಿಸಿಕೊಂಡ ಕೈ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಮೈಗೆ ಮೈ ತಾಗುವಷ್ಟು ಹತ್ತಿರದ ಕಾಳಗದಲ್ಲಿ ಎದುರಾಳಿಯ ಕೈಯನ್ನು ಹಿಡಿಯಬೇಕೋ, ಹಿಡಿಯದೆ ತೆರೆದ ಕೈಯಿಂದಲೇ ಎದುರಿಸಬೇಕೋ? ನನಗೂ ನನ್ನ ಜೊತೆಯವನಿಗೂ ಇದೇ ವಾದ. ಈಗ ನಾವಿಬ್ಬರೂ ಒಂದೇ ಸಾಲಿನಲ್ಲಿ ಊಟಕ್ಕೂ ಕೂರುವುದಿಲ್ಲ. ಯಾರು ಸರಿ ಎಂದು ನೀವು ಹೇಳಿಬಿಟ್ಟರೆ ತೀರಿತು.”

ಗುರುಗಳು ಯಾರು ಸರಿ ಎಂದು ಹೇಳಲಿಲ್ಲ. ಈ ಕತೆಯನ್ನು ಹೇಳಿದರು.

ದಕ್ಷಿಣ ಚೀನಾದಲ್ಲಿ, ಹೊಳೆಯ ಬದಿಯ ಒಂದು ಊರಿನಲ್ಲಿ, ಒಬ್ಬ ಬಡಗಿಯೂ ಬಟ್ಟೆಗೆ ಬಣ್ಣ ಹಾಕುವ ಒಬ್ಬ ಬಣ್ಣಗಾರನೂ ಇದ್ದರು. ಬಡಗಿ ಬಣ್ಣಗಾರನ ಅಕ್ಕನ ಗಂಡ. ಇಬ್ಬರೂ ಒಬ್ಬರೇ ಗುರುಗಳ ಬಳಿ ಕೈವರಸೆ ಕಲಿತವರು. ಆ ವಿದ್ಯೆಯ ಕ್ರಮವೆಂದರೆ, ಎದುರುಬದುರು ನಿಂತು ಮುಂಗೈಗೆ ಮುಂಗೈ ತಾಗಿಸಿ, ಎದುರಿನವನ ಬಲವನ್ನು ಕಣ್ಣಿನಿಂದಲ್ಲ, ಚರ್ಮದಿಂದ ಅರಿಯುವುದು. ಯೋಚಿಸಿ ಮಾಡಿದರೆ ತಡವಾಗುತ್ತದೆ. ಕೈ ತಾನಾಗಿ ಮಾಡಬೇಕು.

ಅವರ ಗುರುಗಳು ತೀರಿಕೊಂಡ ಮೇಲೆ ವಾದ ಹುಟ್ಟಿತು. ಹಿಡಿತಕ್ಕೆ ಸಿಕ್ಕ ಕೈ ಹೊಡೆಯಲಾರದು, ಆದ್ದರಿಂದ ಹಿಡಿಯಬೇಕು ಎಂದು ಬಡಗಿ ಹೇಳಿದ. ಹಿಡಿದವನ ಕೈಯೂ ಅಲ್ಲೇ ಸಿಕ್ಕಿಬೀಳುತ್ತದೆ, ಬೆರಳು ಮಡಚಿದವನೇ ಸೋತವನು ಎಂದು ಬಣ್ಣಗಾರ ಹೇಳಿದ. ಎಷ್ಟೇ ಗಟ್ಟಿಯಾಗಿ ಹಿಡಿದರೂ ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವೆ ಒಂದು ಸಂದು ಇರುತ್ತದೆ. ಮುಂಗೈಯನ್ನು ಆ ಕಡೆಗೆ ತಿರುಗಿಸಿದರೆ ಯಾರಿಂದಲೂ ಬಿಡಿಸಿಕೊಳ್ಳಬಹುದು ಎಂದು ಮಾಡಿ ತೋರಿಸಿದ.

ವಾದ ಅಭ್ಯಾಸದ ಅಂಗಳಕ್ಕೇ ನಿಲ್ಲಲಿಲ್ಲ. ಬಡಗಿ ಹೇಳದೆ ಕೇಳದೆ ಹಿಡಿಯತೊಡಗಿದ. ಬಣ್ಣಗಾರ ಒದ್ದೆ ಬಟ್ಟೆ ಹರವುವಾಗ, ಚಹಾದ ಬಟ್ಟಲು ಎತ್ತುವಾಗ, ಅಕ್ಕನ ಮನೆಯಲ್ಲಿ ಊಟಕ್ಕೆ ಕುಳಿತಾಗ ಅವನ ಮಣಿಕಟ್ಟಿಗೆ ಕೈ ಹಾಕುತ್ತಿದ್ದ. ಪ್ರತಿ ಸಲವೂ ಬಣ್ಣಗಾರನ ಕೈ ಬಿಡಿಸಿಕೊಳ್ಳುತ್ತಿತ್ತು. ಬರುಬರುತ್ತಾ ಅವನು ಆಡುತ್ತಿದ್ದ ಮಾತನ್ನು ನಿಲ್ಲಿಸದೆ, ಆ ಕಡೆ ನೋಡದೆಯೇ ಬಿಡಿಸಿಕೊಳ್ಳುವಂತಾದ.

“ಭಾವ, ಉಳಿ ಹಿಡಿದು ಹಿಡಿದು ನಿಮ್ಮ ಬೆರಳಿಗೆ ಬಿಚ್ಚುವುದೇ ಮರೆತುಹೋಗಿದೆ,” ಎಂದು ಬಣ್ಣಗಾರ ಹಂಗಿಸಿದ.

“ನಿನ್ನದು ನೀಲಿಯಲ್ಲಿ ನೆಂದ ಕೈ, ಮಹರಾಯ. ಏನನ್ನೂ ಹಿಡಿಯಲು ಬಾರದು. ನಿನಗೆ ಇನ್ನೂ ಹೆಣ್ಣು ಸಿಗದಿರುವುದು ಅದಕ್ಕೇ,” ಎಂದ ಬಡಗಿ.

ಅಕ್ಕ ನಕ್ಕಳು. ಊಟದ ಹೊತ್ತಿಗಾದರೂ ಕೈಗಳನ್ನು ಸುಮ್ಮನಿಡಿ ಎಂದು ಇಬ್ಬರನ್ನೂ ಗದರಿದಳು.

ಒಮ್ಮೆ ಇಬ್ಬರೂ ಮರ ನೋಡಿ ಬರಲು ದೋಣಿಯಲ್ಲಿ ಆಚೆ ದಡಕ್ಕೆ ಹೋದರು. ಹೊಳೆ ತುಂಬಿ ಹರಿಯುತ್ತಿತ್ತು. ಬಣ್ಣಗಾರ ಮೊದಲು ಇಳಿದು ದಡದ ಕಲ್ಲಿನ ಮೆಟ್ಟಿಲು ಹತ್ತಿದ. ಹಿಂದೆ ಬಂದ ಬಡಗಿ ಪಾಚಿಯ ಮೇಲೆ ಕಾಲಿಟ್ಟು ಜಾರಿ ನೀರಿಗೆ ಬಿದ್ದ. ಬಣ್ಣಗಾರ ಕಲ್ಲಿನ ಮೇಲೆ ಬೋರಲಾಗಿ ಮಲಗಿ ತೋಳು ಚಾಚಿದ. ಬಡಗಿ ಅವನ ಮಣಿಕಟ್ಟನ್ನು ಭದ್ರವಾಗಿ ಹಿಡಿದ.

ಮುಂಗೈ ತಿರುಗಿತು. ಹೆಬ್ಬೆರಳಿನ ಸಂದಿನಿಂದ ಹೊರಗೆ ಬಂದಿತು.

ಬಣ್ಣಗಾರನಿಗೆ ಅದು ತಿಳಿಯುವ ಮೊದಲೇ ಮುಗಿದಿತ್ತು. ಅವನು ಮತ್ತೆ ಕೈ ಚಾಚುವಷ್ಟರಲ್ಲಿ ಸೆಳವು ಬಡಗಿಯನ್ನು ಒಯ್ದಿತ್ತು.

ಅಕ್ಕ ಅವನನ್ನು ಕೇಳಿದ್ದು ಒಂದೇ ಮಾತು.

“ನಿನ್ನ ಕೈ ಅವರಿಗೆ ಎಟುಕಲಿಲ್ಲವೇನೋ?”

“ಎಟುಕಿತು, ಅಕ್ಕ.”

ಅವಳು ಅವನ ಕೈಯನ್ನು ನೋಡಿದಳು. ಆ ಕೈಯನ್ನು ಅವಳು ಬಲ್ಲಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಣ್ಣಗಾರನ ಅಂಗಳದಲ್ಲಿ ಅಭ್ಯಾಸಕ್ಕೆಂದು ನೆಟ್ಟ ಕಂಬವಿತ್ತು. ಅದಕ್ಕೆ ಮರದ ತೋಳುಗಳನ್ನು ಕೂಡಿಸಿಕೊಟ್ಟವನು ಬಡಗಿಯೇ. ಬಣ್ಣಗಾರ ಆಮೇಲೆ ಎಂದೂ ಅದಕ್ಕೆ ಹೊಡೆಯಲಿಲ್ಲ. ಬೆಳಗಾದರೆ ಅದರ ಒಂದು ತೋಳನ್ನು ಬಿಗಿಯಾಗಿ ಹಿಡಿದು ನಿಲ್ಲುತ್ತಿದ್ದ. ಬಣ್ಣದ ಬಾನಿಗಳು ಕಾಯುತ್ತಿವೆ ಎಂದು ಕೆಲಸದವರು ಕರೆದರೂ ಬಿಡುತ್ತಿರಲಿಲ್ಲ. ಹಿಡಿಯುವುದನ್ನು ಅವನು ಚೆನ್ನಾಗಿಯೇ ಕಲಿತ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. ಅವನದೂ ಬಡಗಿಯ ಪಕ್ಷವೇ ಆಗಿತ್ತು. ಹಾಗಾದರೆ ಹಿಡಿಯಬೇಕು ಎಂದ ಬಡಗಿಯೇ ಸರಿ, ಈ ಮಾತನ್ನು ಜೊತೆಯವನಿಗೆ ಈಗಲೇ ಹೇಳಿ ಬರಲೇ ಎಂದು ಕೇಳಿ ಎದ್ದು ನಿಂತ.

“ಇಲ್ಲ, ಬಣ್ಣಗಾರನೇ ಸರಿ,” ಎಂದರು ಗುರುಗಳು. “ಆ ಮೆಟ್ಟಿಲಿನ ಮೇಲೆ ಅದು ಸಾಬೀತಾಯಿತು.”